ಕಿಟ್ಟದಗುಡ್ಡೆಯ ಬಚ್ಚಲೊಲೆ

ಬೆಳ್ತಂಗಡಿಯಿಂದ ಘಟ್ಟದ ಕಡೆಗಿರುವ ನಮ್ಮ ಕಿಟ್ಟದಗುಡ್ಡೆಯಲ್ಲಿ ಗುದ್ದಲಿ ಹಾಕಿದಲ್ಲೆಲ್ಲ ಠಣ್ ಎನ್ನುತ್ತದೆ. ರಾಜರ ಕಾಲದಲ್ಲಿ ಇಲ್ಲಿ ಅದಿರು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದರು. ಕಬ್ಬಿಣ ಅರಮನೆಗೆ ಹೋಯಿತು, ಕಿಟ್ಟ ಇಲ್ಲೇ ಉಳಿಯಿತು. ಗಾಜಿನಂತೆ ಹೊಳೆಯುವ ಆ ಕಪ್ಪು ಹೆಂಟೆಗಳ ನಡುವೆ ಬಸಳೆಯೂ ಹಬ್ಬುವುದಿಲ್ಲ. ಅದಕ್ಕೇ ಜಮೀನುದಾರ ಜಯವರ್ಮ ಧನಿಗಳ ಅಜ್ಜ ನಮ್ಮ ಹಿರಿಯರನ್ನು ಇಲ್ಲಿ ಕೂರಿಸಿದ್ದು. "ಇಲ್ಲಿ ಹುಲ್ಲೂ ಹುಟ್ಟುವುದಿಲ್ಲ. ನೀವಾದರೂ ಹುಟ್ಟಿಕೊಳ್ಳಿ" ಎಂದಿದ್ದರಂತೆ. ನಾವು ಧಾರಾಳವಾಗಿಯೇ ಹುಟ್ಟಿದೆವು.

ಗುಡ್ಡೆ ದಾಖಲೆಯಲ್ಲಿ ಸರಕಾರದ್ದು, ಬಾಯಲ್ಲಿ ಧನಿಗಳದ್ದು. ಈಚೆಗೆ ಅವರಿಗೆ ಇಲ್ಲಿ ಹೋಂಸ್ಟೇ ಕಟ್ಟುವ ಆಸೆಯಾಯಿತು. ನಾವು ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದರಿಂದ ಸುಮ್ಮನೆ ಎಬ್ಬಿಸುವಂತಿರಲಿಲ್ಲ. ಹಾಗಾಗಿ ಅವರಿಗೆ ಒಮ್ಮೆಲೇ ಇತಿಹಾಸದ ಮೇಲೆ ಪ್ರೀತಿ ಬಂತು. ಬೆಂಗಳೂರಿನಿಂದ ಒಬ್ಬ ಸಂಶೋಧಕರನ್ನು ಕರೆಸಿದರು.

ಕೆಂಪುಕಲ್ಲು ಕಡಿಯುವ ಧರ್ಣಪ್ಪನ ಹಿತ್ತಿಲಿಗೆ ಧನಿಗಳ ಜೊತೆ ಅವರು ಬಂದಾಗ ಅವನ ಹೆಂಡತಿ ಅಪ್ಪಿ ಹಂಡೆ ಇಳಿಸಿ ಮಸಿ ತಿಕ್ಕುತ್ತಿದ್ದಳು. ಬಚ್ಚಲೊಲೆ ಬರಿದಾಗಿತ್ತು. ಕಿಟ್ಟದ ಹೆಂಟೆ, ಮಣ್ಣು ಸೇರಿಸಿ ಕಟ್ಟಿದ ಒಲೆ. ಅಗೆಯುವಾಗ ಸಿಕ್ಕಿದ ಹಳೆಯ ಮಣ್ಣಿನ ಕೊಳವೆಯನ್ನೂ ಗಾಳಿ ಆಡಲೆಂದು ಧರ್ಣಪ್ಪ ಅದಕ್ಕೆ ಸಿಕ್ಕಿಸಿದ್ದ. ಸಂಶೋಧಕರು ಅದರ ಮುಂದೆ ಮೊಣಕಾಲೂರಿದರು.

"ಅದ್ಭುತ! ಇಡೀ ಕುಲುಮೆ ಉಳಿದುಕೊಂಡಿದೆ!"

"ಅದು ನಮ್ಮ ಬಚ್ಚಲೊಲೆ ಸರ್. ಮಗಳ ಬಾಣಂತನಕ್ಕೆ ಅಂತ ಹೋದ ತಿಂಗಳು ಕಟ್ಟಿದ್ದು," ಎಂದ ಧರ್ಣಪ್ಪ.

ಧನಿಗಳು ನಕ್ಕರು. "ಇವರು ಹಾಗೆಯೇ ಹೇಳುವುದು. ಪಾಪ, ಎಲ್ಲ ತಾವೇ ಮಾಡಿದ್ದು ಅಂತ."

"ಅದೂ ಮುಖ್ಯವೇ ಸರ್. ಪರಂಪರೆಯ ನೆನಪು," ಎಂದರು ಸಂಶೋಧಕರು.

"ನೆನಪಲ್ಲ ಮಾರಾಯ್ರೇ, ಮಣ್ಣು! ಮೊನ್ನೆ ಮೆತ್ತಿದ್ದು ಇನ್ನೂ ಸರಿ ಒಣಗಲಿಲ್ಲ, ಮುಟ್ಟಿ ನೋಡಿ," ಎಂದ ಧರ್ಣಪ್ಪ.

ಮುಟ್ಟಿ ನೋಡಿದರು. "ತೇವಾಂಶ ಕೂಡ ಉಳಿಸಿಕೊಂಡಿದೆ," ಎಂದರು. ಒಳಗಿನ ಇದ್ದಿಲಿನ ವಯಸ್ಸು ಅಳೆದಿದ್ದರೆ ಕಳೆದ ಮಂಗಳವಾರಕ್ಕೆ ಬಂದು ನಿಲ್ಲುತ್ತಿತ್ತು. ಅಳೆಯಲಿಲ್ಲ.

ಒಲೆಯ ಸುತ್ತ ಪ್ಲಾಸ್ಟಿಕ್ ಪಟ್ಟಿ ಕಟ್ಟಿದರು. ಬೆಂಕಿ ಹಾಕಬಾರದೆಂದು ಬೋರ್ಡು ಬಂತು. ಹಿಂದೆಯೇ ಸರಕಾರದ ನೋಟಿಸು: ಸುತ್ತಲಿನ ಮನೆಗಳಿಂದ ಸ್ಮಾರಕಕ್ಕೆ ಅಪಾಯ, ಎಲ್ಲರೂ ಖಾಲಿ ಮಾಡತಕ್ಕದ್ದು.

ಅಷ್ಟರಲ್ಲಿ ಮಗಳು ರೇವತಿ ಹೆತ್ತು ಆಸ್ಪತ್ರೆಯಿಂದ ಬಂದಳು. ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಹೊಯ್ಯಬೇಕು. ಅಪ್ಪಿ ಗಂಜಿಯ ಪಾತ್ರೆಯಲ್ಲಿ ಕಾಯಿಸಿದಳು. ಎಣ್ಣೆ ತಿಕ್ಕಲು ಬಂದಿದ್ದ ನೆರೆಮನೆಯ ಶಾಫಿಯ ಉಮ್ಮ ಪಾತ್ರೆಯೊಳಗೆ ಇಣುಕಿ ನೋಡಿದರು.

"ಇದು ಎಂತ ಅಪ್ಪಿ? ಬಾಣಂತಿಗಾ, ಬೆಕ್ಕಿಗಾ?"

ಅಪ್ಪಿ ಕತ್ತಿ ತೆಗೆದುಕೊಂಡು ಹಿತ್ತಿಲಿಗೆ ಹೋದಳು. ಅಲ್ಲಿ ಧನಿಗಳು, ಸಂಶೋಧಕರು, ಸರ್ವೆಯವರು ಟೇಪು ಹಿಡಿದು ಮನೆಗಳನ್ನು ಅಳೆಯುತ್ತಿದ್ದರು. ಅವಳು ಅವರೆದುರೇ ಪ್ಲಾಸ್ಟಿಕ್ ಪಟ್ಟಿ ಕೊಯ್ದಳು. ಧರ್ಣಪ್ಪ ಹಂಡೆ ಎತ್ತಿ ಒಲೆಯ ಮೇಲಿಟ್ಟ. ಮನೆಮನೆಯಿಂದ ಹೆಂಗಸರು ಸೌದೆ ತಂದರು. ನೀರಿಗೆ ಹಾಕಲು ಲಕ್ಕಿ ಸೊಪ್ಪು ತಂದರು.

"ಏ ಅಪ್ಪಿ! ಅದು ರಾಜರ ಕಾಲದ್ದು!"

"ಒಳ್ಳೇದಾಯ್ತಲ್ಲ ಧನಿಗಳೇ. ರಾಜರ ಒಲೆಯ ನೀರು, ಬಾಣಂತಿಯ ಸೊಂಟ ಗಟ್ಟಿಯಾಗ್ತದೆ."

"ಬೆಂಕಿ ಹಾಕ್ಬೇಡಿ ಅಮ್ಮಾ, ಎಲ್ಲಾ ಹಾಳಾಗುತ್ತೆ!" ಸಂಶೋಧಕರು ಕೂಗಿದರು.

"ಬೆಂಕಿಗೆ ಹಾಳಾಗುವ ಒಲೆಯನ್ನು ಯಾವ ರಾಜ ಕಟ್ಟಿಸಿದ್ದು ಸರ್?"

ನೀರು ಕುದಿಯಿತು. ರೇವತಿ ಮೈತುಂಬ ಎಣ್ಣೆ ಹಚ್ಚಿ, ಹಳೆ ಸೀರೆ ಸುತ್ತಿಕೊಂಡು ಬಂದು ನಿಂತಳು. ಶಾಫಿಯ ಉಮ್ಮ ಕೈ ಬೀಸಿದರು.

"ಹೆಣ್ಣು ಸ್ನಾನಕ್ಕೆ ಬಂದಿದ್ದಾಳೆ. ಕಣ್ಣು ಕಾಣುದಿಲ್ವಾ? ಗಂಡಸರೆಲ್ಲ ಆಚೆ ನಡೀರಿ."

ಸರ್ವೆಯವರು ಟೇಪು ಬಿಟ್ಟು ಮೊದಲು ಹೊರಟರು. ಸಂಶೋಧಕರು ತಲೆ ತಗ್ಗಿಸಿ ಹಿಂಬಾಲಿಸಿದರು. ಧನಿಗಳು ರಸ್ತೆ ಮುಟ್ಟಿದ ಮೇಲೆ ಕೂಗಿದರು: "ನಾಳೆ ಪೊಲೀಸರನ್ನೇ ತರ್ತೇನೆ!"

"ತನ್ನಿ," ಎಂದಳು ಅಪ್ಪಿ, ಮಗಳ ಬೆನ್ನಿಗೆ ನೀರು ಹೊಯ್ಯುತ್ತ. "ನಾಳೆಯೂ ಸ್ನಾನ ಉಂಟು. ನಲವತ್ತು ದಿನ ಉಂಟು."

"ಅದು ಮುಗಿಯುವಾಗ ನನ್ನ ಸೊಸೆಯ ಬಾಣಂತನ ಉಂಟು," ಎಂದರು ಶಾಫಿಯ ಉಮ್ಮ.