ಎರಡನೆಯ ನೀರು

ಬ್ರಷ್ಷು ಬಲದವಡೆಯ ಕೊನೆಯ ಹಲ್ಲನ್ನು ಮುಟ್ಟಿ ವಾಪಸು ಬಂತು. ಏನೂ ಆಗಲಿಲ್ಲ. ಅವಳು ಕನ್ನಡಿಯಲ್ಲಿ ತನ್ನ ಮುಖವನ್ನೇ ಅನುಮಾನದಿಂದ ನೋಡುತ್ತ, ಬೇಕೆಂದೇ ಇನ್ನೊಂದು ಸಲ ಮುಟ್ಟಿಸಿದಳು. ಆಗಲೂ ಏನೂ ಆಗಲಿಲ್ಲ. ಬಾಯ್ತುಂಬ ನೊರೆ ಇಟ್ಟುಕೊಂಡೇ ಹಿತ್ತಲ ಬಾಗಿಲಿಗೆ ಓಡಿಬಂದು, "ರೀ, ಹನ್ನೊಂದು" ಎಂದಳು.

ತಗಡಿನ ಚಪ್ಪರದಡಿ ಗಂಡ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ತಿರುಗದೆಯೇ, "ನಿನ್ನೆ ಹತ್ತಾಗಿತ್ತಲ್ವಾ, ಹಂಗಾದ್ರೆ ಲೆಕ್ಕ ಸರಿ ಇದೆ. ಹೋಗಿ ನೊರೆ ಉಗಿದು ಬಾ, ಮಾತು ಅರ್ಥ ಆಗ್ತಿಲ್ಲ" ಎಂದ.

ಹನ್ನೊಂದು ಎಂದರೆ ಹನ್ನೊಂದನೆಯ ದಿನ. ಕೊನೆಯ ಸಲ ನೋವು ಬಂದು ಹೋಗಿ ಹನ್ನೊಂದು ದಿನವಾಗಿತ್ತು.

ಅದಕ್ಕೆ ಮುಂಚಿನ ಎರಡು ವರ್ಷ ಆ ಬಲಗೆನ್ನೆ ಅವಳದಾಗಿರಲಿಲ್ಲ. ಮುಖಕ್ಕೆ ತಣ್ಣೀರು ತಾಗಿದರೆ, ಒಂದು ಎಳೆ ಕೂದಲು ಕೆನ್ನೆಯ ಮೇಲೆ ಹಾರಿ ಕೂತರೆ, ಕಿವಿಯ ಬುಡದಿಂದ ತುಟಿಯ ಅಂಚಿನವರೆಗೆ ಕರೆಂಟು ಹೊಡೆದ ಹಾಗೆ ನೋವು ಒಂದು ಗೆರೆ ಎಳೆಯುತ್ತಿತ್ತು. ಎಣಿಸಿದರೆ ಐದಾರು ಸೆಕೆಂಡು. ಆದರೆ ಆ ಐದಾರು ಸೆಕೆಂಡಿನ ಭಯದಲ್ಲೇ ಉಳಿದ ಇಡೀ ದಿನ ಕಳೆಯಬೇಕಿತ್ತು. ಊಟ ಎಂದರೆ ನೀರಾದ ಗಂಜಿ, ಅದೂ ಎಡಗಡೆಯಿಂದ. ಮಾತು ಎಂದರೆ ಹೂಂ, ಊಹೂಂ. ನರದ ಡಾಕ್ಟರು ಕೊಟ್ಟ ಮಾತ್ರೆ ನೋವಿನ ಮೊನೆಯನ್ನು ಕೊಂಚ ಮೊಂಡು ಮಾಡಿತ್ತು, ಅಷ್ಟೆ.

ಮಾತಾಡುವುದೇ ಅವಳ ಕೆಲಸವಾಗಿತ್ತು. ಇಪ್ಪತ್ತಾರು ವರ್ಷ ರೇಡಿಯೋ ನಾಟಕಗಳಲ್ಲಿ ತಾಯಿ, ಅತ್ತೆ, ರಾಣಿ, ಕಳ್ಳಿ ಎಲ್ಲವೂ ಆಗಿದ್ದವಳು. ಅವಳ ಮುಖ ಯಾರಿಗೂ ಗೊತ್ತಿರಲಿಲ್ಲ. ಆದರೆ ಅಂಗಡಿಯಲ್ಲಿ "ಅರ್ಧ ಕಿಲೋ ಕೊಡಪ್ಪ" ಎಂದರೆ ಸಾಕು, ಪಕ್ಕದಲ್ಲಿದ್ದವರು ತಿರುಗಿ ನೋಡುತ್ತಿದ್ದರು. ರೇಡಿಯೋ ನಿಲಯದಲ್ಲಿ ಎಲ್ಲರಿಗೂ ಅವಳು ದನಿಯಕ್ಕ. ಎರಡು ವರ್ಷದಿಂದ ದನಿಯಕ್ಕನ ದನಿ ಯಾರಿಗೂ ಕೇಳಿಸಿರಲಿಲ್ಲ. ಈಗ ಈ ಶನಿವಾರ ಸಂಜೆ ಆರಕ್ಕೆ ನಿಲಯದ ವಾರ್ಷಿಕ ನಾಟಕ, ನೇರ ಪ್ರಸಾರ, ನಲವತ್ತು ನಿಮಿಷ. ನಾಟಕದ ಮೇಷ್ಟ್ರು ದೋಣಿಗಟ್ಟೆಯ ಮುದುಕಿಯ ಪಾತ್ರವನ್ನು ಯಾರ ಮಾತಿಗೂ ಜಗ್ಗದೆ ಅವಳಿಗೇ ಎಂದು ಹಿಡಿದಿಟ್ಟಿದ್ದರು. ಶನಿವಾರ ನಡುವೆ ನಿಂತುಹೋದರೆ ಇನ್ನು ಯಾರೂ ಕರೆಯುವುದಿಲ್ಲ. ಅವರು ಹಾಗೆ ಹೇಳಿರಲಿಲ್ಲ, ಹೇಳುವವರೂ ಅಲ್ಲ. ಆದರೆ ಅವಳಿಗೆ ಗೊತ್ತಿತ್ತು.

ಚೀನಾದ ವೈದ್ಯದ ಹಾದಿ ತೋರಿಸಿದವನು ನಿಲಯದ ಸದ್ದಣ್ಣ. ನಾಟಕಕ್ಕೆ ಬೇಕಾದ ಮಳೆ, ಗುಡುಗು, ಕುದುರೆ, ಬಾಗಿಲ ಕಿರ್ರು ಎಲ್ಲವನ್ನೂ ಒಂದು ಮೇಜಿನ ಮೇಲೆ ಕೈಯಲ್ಲೇ ಹುಟ್ಟಿಸುವ ಮನುಷ್ಯ. ತನ್ನ ಸೊಂಟನೋವಿಗೆ ಹೋಗುತ್ತಿದ್ದ ಸೂಜಿ ಡಾಕ್ಟರಮ್ಮನ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಎರಡನೇ ಮಹಡಿಯ ಆ ಕೋಣೆಯಲ್ಲಿ ಗೋಡೆ ತುಂಬ ಸಣ್ಣ ಸಣ್ಣ ಮರದ ಖಾನೆಗಳು. ಒಂದೊಂದರಲ್ಲಿ ಒಂದೊಂದು ಬೇರು, ತೊಗಟೆ, ಒಣಗಿದ ಹೂ. ತಾತನ ಕಾಲದಲ್ಲಿ ಚೀನಾದಿಂದ ಬಂದ ಮನೆತನ ಆಕೆಯದು. ಮುಟ್ಟುವ ಮುಂಚೆ ಆಕೆ ಬಿಸಿನೀರಿನ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂರುತ್ತಿದ್ದಳು. ತಣ್ಣನೆಯ ಬೆರಳು ತಾಗಿದರೆ ಈ ನೋವಿನವರು ಬೆಚ್ಚುತ್ತಾರೆ ಎಂದು ಬಲ್ಲವಳು. ಸೂಜಿಯನ್ನು ಮಾತ್ರ ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಚುಚ್ಚಿದಳು.

"ನೋವು ಬಲಗೆನ್ನೆಗೆ, ಸೂಜಿ ಎಡಗೈಗೆ. ಬಾಗಿಲು ಕೆಟ್ಟರೆ ಕಿಟಕಿ ರಿಪೇರಿ ಮಾಡ್ದಂಗಾಯ್ತು" ಎಂದಿದ್ದ ಗಂಡ.

"ಬಾಗಿಲು ಮುಟ್ಟೋಕೆ ಬಿಡ್ತಿಲ್ವಲ್ಲ ಯಜಮಾನರೇ, ಅದಕ್ಕೆ ಕಿಟಕಿಯಿಂದ ಬರ್ತಿದೀನಿ" ಎಂದಿದ್ದಳು ಡಾಕ್ಟರಮ್ಮ. ಜೊತೆಗೆ ಕಷಾಯದ ಪೊಟ್ಟಣಗಳನ್ನೂ ಅಚ್ಚು ಹಾಕಿದ ಒಂದು ಚೀಟಿಯನ್ನೂ ಕೊಟ್ಟು, ಎರಡು ಸಲ ಕಾಯಿಸಬೇಕು, ನರದ ಡಾಕ್ಟರ ಮಾತ್ರೆ ಬಿಡಬಾರದು ಎಂದಿದ್ದಳು. ಪೊಟ್ಟಣ ಬಿಚ್ಚಿ ನೋಡಿದ ಗಂಡ ಮುಖ ಅರಳಿಸಿ, "ಕುಸುಬೆ ಹೂ. ಗೊತ್ತು ಬಿಡಿ, ಇದನ್ನ ನನಗೆ ಹೇಳಿಕೊಡ್ಬೇಕಾ" ಎಂದಿದ್ದ. ಅವನು ಬಟ್ಟೆಗೆ ಬಣ್ಣ ಹಾಕುವವನು. ಮೂವತ್ತೈದು ವರ್ಷದ ಕಸುಬಿನಲ್ಲಿ ಉಗುರುಗಳು ನೀಲಿಗೆ ತಿರುಗಿ ಹಾಗೇ ನಿಂತಿದ್ದವು. ಹೂ, ಬೇರು, ತೊಗಟೆ ಕಾಯಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಚೀಟಿಯನ್ನು ಅವಳು ಕೈಚೀಲಕ್ಕೆ ಸೇರಿಸಿದಳು. ಆಗ ಅವಳಿಗೆ ಓದಿ ಹೇಳುವ ಚೈತನ್ಯವಿರಲಿಲ್ಲ.

ಈಗ ಚೈತನ್ಯ ಉಕ್ಕುತ್ತಿತ್ತು. ನೊರೆ ಉಗಿದು ಬಂದವಳೇ ಬಾಯಿ ಪಳಗಿಸಲು ಕೈಗೆ ಸಿಕ್ಕಿದ್ದನ್ನೆಲ್ಲ ಗಟ್ಟಿಯಾಗಿ ಓದತೊಡಗಿದಳು. ಎಣ್ಣೆ ಬಾಟಲಿಯ ಮೇಲಿನ ಅಕ್ಷರಗಳನ್ನು ರಾಣಿಯ ಆಜ್ಞೆಯಂತೆ ಓದಿದಳು. ಹಳೇ ಕ್ಯಾಲೆಂಡರಿನ ಜಾಹೀರಾತನ್ನು ಅಳುತ್ತ ಓದಿದಳು. ಗಂಡ ಒಳಗೆ ಬಂದು ಕಷಾಯದ ಲೋಟ ಮುಂದಿಟ್ಟ. ಅವಳು ಕೈಚೀಲ ತಡಕಿ ಆ ಚೀಟಿಯನ್ನು ತೆಗೆದು, ಹಿಡಿಶಾಪ ಹಾಕುವ ಅತ್ತೆಯ ದನಿಯಲ್ಲಿ ಶುರುಮಾಡಿದಳು.

"ಮೊದಲ ಸಲ ಮೂರು ಲೋಟ ನೀರು ಹಾಕಿ ಒಂದು ಲೋಟಕ್ಕೆ ಇಳಿಸಿ. ಸೋಸಿ ಬೇರೆ ಇಟ್ಟುಕೊಳ್ಳಿ. ಅದೇ ಚರಟಕ್ಕೆ ಮತ್ತೆ ಎರಡು ಲೋಟ ಹಾಕಿ ಕಾಯಿಸಿ. ಎರಡು ನೀರನ್ನೂ ಬೆರೆಸಿ ಕುಡಿಯಿರಿ."

ಗಂಡ ಬಾಗಿಲ ಚೌಕಟ್ಟು ಹಿಡಿದು ನಿಂತ. "ಇನ್ನೊಂದು ಸಲ ಓದು. ಅತ್ತೆ ಬೇಡ. ನೀನೇ ಓದು."

ಓದಿದಳು.

"ಬೆರೆಸೋದಾ?" ಎಂದ. "ಮೊದಲನೇ ನೀರನ್ನ ಇಟ್ಕೊಳ್ಳೋದಾ?"

"ಮತ್ತೆ ನೀವೇನು ಮಾಡ್ತಿದ್ರಿ?"

ಅವನು ಮೆಲ್ಲಗೆ ಹೇಳಿದ. ಕುಸುಬೆಯ ಮೊದಲ ನೀರು ಹಳದಿ, ಕೆಲಸಕ್ಕೆ ಬಾರದ್ದು. ಯಾವ ಬಣ್ಣದವನನ್ನು ಬೇಕಾದರೂ ಕೇಳು, ಅದನ್ನು ಚೆಲ್ಲಿದ ಮೇಲೇ ಕೆಂಪು ಸಿಗೋದು. ಅದಕ್ಕೇ ಮೊದಲನೆಯದನ್ನು ದಿನಾ ಚರಂಡಿಗೆ ಸುರಿದು, ಎರಡನೆಯದನ್ನು ಕೊಡುತ್ತಿದ್ದೆ. "ಮೂವತ್ತೆರಡು ದಿನ" ಎಂದ. "ಮೂವತ್ತೆರಡು ದಿನ ನಿನ್ನ ಔಷಧಿ ಚರಂಡಿಗೆ ಸುರಿದಿದೀನಿ ಕಣೇ."

ಅವಳು ಲೋಟವನ್ನೇ ನೋಡಿದಳು. ಆಮೇಲೆ ಗಂಡನ ಮುಖ ನೋಡಿ, "ಚರಂಡಿಗೇನಾದ್ರೂ ನರದ ನೋವಿದ್ದಿದ್ರೆ ಇಷ್ಟು ಹೊತ್ತಿಗೆ ವಾಸಿಯಾಗಿರತ್ತೆ ಬಿಡಿ" ಎಂದಳು. ಅವನು ನಗಲಿಲ್ಲ. ಅವಳಿಗೂ ಒಳಗೆ ನಗು ಇರಲಿಲ್ಲ. ಹನ್ನೊಂದು ದಿನ ತನ್ನನ್ನು ಎತ್ತಿ ಹಿಡಿದಿದ್ದ ಕೈ ಯಾರದೆಂದು ಗೊತ್ತಾಗದೆ ಹೋಯಿತಲ್ಲ ಎಂಬ ದಿಗಿಲು. ಇನ್ನು ಸರಿಯಾಗಿ ಕಾಯಿಸಿ ಕುಡಿದರೆ ಏನಾದೀತು? ಹೀಗೇ ತಪ್ಪಾಗಿ ಕುಡಿದರೆ? ಶನಿವಾರಕ್ಕೆ ಇನ್ನು ಮೂರೇ ದಿನ.

ಮಾರನೆಯ ದಿನ ಇಬ್ಬರೂ ಅಪರಾಧಿಗಳ ಹಾಗೆ ಡಾಕ್ಟರಮ್ಮನ ಮುಂದೆ ಕೂತರು. ಗಂಡ ತಾನೇ ಎಲ್ಲ ಹೇಳಿದ, ಒಂದನ್ನೂ ಮುಚ್ಚಿಡದೆ. ಕೇಳುತ್ತ ಕೇಳುತ್ತ ಆಕೆ ಬಿಸಿನೀರಿನ ಲೋಟ ಕೆಳಗಿಟ್ಟಳು. ಸೆರಗಿಲ್ಲದ್ದಕ್ಕೆ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಳ್ಳುತ್ತ ನಕ್ಕಳು.

"ಕಷಾಯ ಕುಡೀದೇ ಕುಡಿದೆ ಅಂತ ಸುಳ್ಳು ಹೇಳೋರನ್ನ ದಿನಾ ನೋಡ್ತೀನಿ. ಚೆಲ್ಲಿ ಬಂದು ನಿಜ ಹೇಳಿದೋರು ನೀವೇ ಮೊದಲು."

"ಹಂಗಾದ್ರೆ ಗುಣ ಮಾಡಿದ್ದು ಯಾವುದು ಡಾಕ್ಟರಮ್ಮ?" ಎಂದಳು ಅವಳು. "ಸೂಜಿನಾ?"

"ಇರಬಹುದು."

"ಮಾತ್ರೆನಾ?"

"ಅದೂ ಇರಬಹುದು. ಇವರ ಎರಡನೇ ನೀರೂ ಇರಬಹುದು. ಈ ನೋವು ತಾನಾಗೇ ಕೆಲವು ತಿಂಗಳು ಸುಮ್ಮನಾಗೋದೂ ಉಂಟು. ನನಗೆ ಗೊತ್ತಿಲ್ಲಮ್ಮ."

"ಶನಿವಾರ ನೋವು ಬರಲ್ಲ ಅಂತ ಹೇಳಿಬಿಡಿ, ಸಾಕು."

"ಹೇಳಬಹುದು. ಆದ್ರೆ ನನ್ನ ಮಾತು ನಿಮ್ಮ ನರಕ್ಕೆ ಕೇಳಿಸಬೇಕಲ್ಲ" ಎಂದ ಆಕೆ ಲೋಟವನ್ನು ಮತ್ತೆ ಅಂಗೈಯಲ್ಲಿ ಹಿಡಿದು, ಸ್ವಲ್ಪ ಹೊತ್ತು ಬಿಟ್ಟು, ಬೆಚ್ಚನೆಯ ಹಸ್ತವನ್ನು ಅವಳ ಬಲಗೆನ್ನೆಯ ಮೇಲೆ ಇಟ್ಟಳು. ಎರಡು ವರ್ಷದಲ್ಲಿ ಅಲ್ಲಿ ಯಾರೂ ಕೈ ಇಟ್ಟಿರಲಿಲ್ಲ. "ಇದು ಇವತ್ತು ನಿಮ್ಮದು. ಇವತ್ತಿನ ಮಟ್ಟಿಗೆ ಉಪಯೋಗಿಸ್ಕೊಳ್ಳಿ."

ಶನಿವಾರ ಬೆಳಗಾದಾಗ ಹದಿನಾಲ್ಕು. ಅವಳು ಎಣಿಸಿ ಹೇಳಲಿಲ್ಲ, ಗಂಡನೂ ಕೇಳಲಿಲ್ಲ. ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಅಡ್ಡ ಬರುತ್ತ, ಇಟ್ಟ ಕನ್ನಡಕವನ್ನೇ ಮೂರು ಸಲ ಹುಡುಕುತ್ತ, ಆರು ಗಂಟೆಯ ಪ್ರಸಾರಕ್ಕೆ ಮೂರಕ್ಕೇ ಹೊರಟು ನಿಂತರು. ಅವನ ಕೈಯಲ್ಲಿ ಎರಡು ಫ್ಲಾಸ್ಕು. ಒಂದರ ಕುತ್ತಿಗೆಗೆ ಹಳದಿ ಬಟ್ಟೆಯ ಚಿಂದಿ, ಇನ್ನೊಂದಕ್ಕೆ ಕೆಂಪು.

"ಇದು ಮೊದಲ ನೀರು, ಇದು ಎರಡನೇದು" ಎಂದ. "ಬೆರೆಸಿ ಕುಡೀತೀಯೋ, ಒಂದನ್ನೇ ಕುಡೀತೀಯೋ, ನಿನಗೆ ಬಿಟ್ಟಿದ್ದು. ನಾನು ಇನ್ನು ಬಾಯಿ ಹಾಕಲ್ಲ."

ನಿಲಯದ ಮೆಟ್ಟಿಲನ್ನು ಅವಳು ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯಂತೆ ಹತ್ತಿದಳು. ಸ್ಟುಡಿಯೋದಲ್ಲಿ ಅವಳ ಮೈಕಿನ ಕಡೆ ಏಸಿಯ ತಣ್ಣನೆ ಗಾಳಿ ಬಿಡುವ ಜಾಲರಿಗೆ ಯಾರೋ ರಟ್ಟು ಅಂಟಿಸಿದ್ದರು. ಅವಳ ಸಂಭಾಷಣೆಯ ಹಾಳೆಗಳಲ್ಲಿ ಅಕ್ಷರ ದೊಡ್ಡದಾಗಿತ್ತು, ತಲೆ ಬಗ್ಗಿಸದೆ ಓದಲು ಬರುವಷ್ಟು. ಯಾರು ಮಾಡಿಸಿದ್ದೆಂದು ಕೇಳಿದರೆ ಮೇಷ್ಟ್ರು ಗಡಿಯಾರ ನೋಡಿಕೊಂಡರು.

ಫ್ಲಾಸ್ಕುಗಳನ್ನಿಡಲು ಬೇರೆ ಜಾಗವಿಲ್ಲದೆ ಸದ್ದಣ್ಣನ ಮೇಜಿನ ತುದಿಯಲ್ಲಿ ಇಟ್ಟಳು. ಮೇಜಿನ ಮೇಲೆ ನೀರಿನ ತೊಟ್ಟಿ, ಸರಪಳಿ, ಒಂದು ಹಳೆಯ ಪೆಟ್ಟಿಗೆ. "ದನಿಯಕ್ಕ ಬಂದ್ರಲ್ಲ, ಇನ್ನು ನನ್ನ ಗುಡುಗನ್ನ ಯಾರು ಕೇಳ್ತಾರೆ" ಎಂದ ಅವನು. ಹಳದಿಯೋ ಕೆಂಪೋ, ಬೆರೆಸಲೋ ಬೇಡವೋ ಎಂದು ಅವಳು ಇನ್ನೂ ಯೋಚಿಸುತ್ತಿರುವಾಗಲೇ ಗಾಜಿನಾಚೆ ಮೇಷ್ಟ್ರು ಕೈಯೆತ್ತಿದರು. ಕೆಂಪು ದೀಪ ಹೊತ್ತಿತು.

ಮೊದಲ ಮಾತು ಅವಳದೇ. "ಯಾರದು ಕಟ್ಟೆ ಮೇಲೆ?" ದನಿ ಹೊರಗೆ ಹೋಯಿತು. ದವಡೆ ತೆರೆಯಿತು, ಮುಚ್ಚಿತು. ಎರಡನೆಯ ಮಾತು, ಮೂರನೆಯದು. ಹತ್ತನೆಯ ನಿಮಿಷದಲ್ಲಿ ತುಟಿಯಂಚಿನಲ್ಲಿ ಒಂದು ಸಣ್ಣ ಎಳೆ ಮಿಸುಕಿತು. ಅವಳ ಬೆನ್ನು ಸೆಟೆಯಿತು. ಕಾದಳು. ಮುದುಕಿಯೂ ಮಾತಿನ ನಡುವೆ ಕಾದಳು. ಎಳೆ ಸುಮ್ಮನಾಯಿತು. ಅವಳು ಮುಂದುವರಿಸಿದಳು.

ಮೂವತ್ತನೆಯ ನಿಮಿಷಕ್ಕೆ ದೋಣಿ ಬರಬೇಕು. ಮುದುಕಿಯ ಮಗನ ಸಾಮಾನಿನ ಪೆಟ್ಟಿಗೆ ಅದರಲ್ಲಿ ಬರುತ್ತದೆ, ಮಗ ಬರುವುದಿಲ್ಲ. ಸದ್ದಣ್ಣ ತೊಟ್ಟಿಯಲ್ಲಿ ಬಲಗೈಯಿಂದ ಹುಟ್ಟು ಹಾಕುತ್ತಿದ್ದ, ಜಲ್, ಜಲ್. ಅವನಿಗೆ ಬಾಯಿ ಒಣಗಿರಬೇಕು. ಎಡಗೈಯಿಂದ ಮೆಲ್ಲಗೆ ಕೆಂಪು ಚಿಂದಿಯ ಫ್ಲಾಸ್ಕನ್ನು ತೆರೆದು, ಮುಚ್ಚಳಕ್ಕೆ ಬಗ್ಗಿಸಿಕೊಂಡು, ಚಹಾ ಎಂದು ತಿಳಿದು ಒಂದೇ ಸಲಕ್ಕೆ ಬಾಯಿಗೆ ಸುರಿದುಕೊಂಡ.

ಅವನ ಮುಖ ಒಂದು ಕ್ಷಣ ಏನನ್ನೂ ಹೇಳಲಿಲ್ಲ. ಆಮೇಲೆ ಹುಬ್ಬು ಮೇಲೇರಿತು, ಕಣ್ಣು ಒಳಗಿಳಿಯಿತು, ಕೆನ್ನೆಗಳು ಪುಗ್ಗೆಯಾದವು. ನುಂಗಲಾರ, ಉಗುಳಲಾರ, ಕೆಮ್ಮಿದರೆ ಊರಿಗೆಲ್ಲ ಕೇಳುತ್ತದೆ. ಕಣ್ಣಲ್ಲಿ ನೀರು ಬಂತು. ಆದರೂ ಬಲಗೈ ನಿಲ್ಲಲಿಲ್ಲ. ಜಲ್, ಜಲ್, ದೋಣಿ ಒಂದು ಹುಟ್ಟೂ ತಪ್ಪದೆ ದಡಕ್ಕೆ ಬರುತ್ತಿತ್ತು.

ನಗು ಅವಳ ಹೊಟ್ಟೆಯಿಂದೆದ್ದಿತು. ಎರಡು ವರ್ಷದಿಂದ ಅವಳು ಅತ್ಯಂತ ಹೆದರಿದ್ದು ನಗುವಿಗೇ, ಅದು ಕೆನ್ನೆಯನ್ನು ಬಲಕ್ಕೆ ಎಳೆಯುತ್ತಿತ್ತು. ತುಟಿ ಬಿಗಿದಳು, ನಿಲ್ಲಲಿಲ್ಲ. ಎರಡೂ ಕೆನ್ನೆ ಹಿಗ್ಗಿದವು, ಬಲಗೆನ್ನೆಯೂ, ಕಿವಿಯ ಬುಡದವರೆಗೂ. ಏನೂ ಆಗಲಿಲ್ಲ. ಅವಳ ಮಾತಿನ ಸರದಿ ಬಂತು.

"ಪೆಟ್ಟಿಗೆ ತೆರೀಬೇಡ್ರಪ್ಪ" ಎಂದಳು. ತಡೆದ ನಗುವಿಗೆ ದನಿ ನಡುಗುತ್ತಿತ್ತು, ಉಸಿರು ತುಂಡಾಗುತ್ತಿತ್ತು. "ಮುಚ್ಚಿರೋವರೆಗೂ... ಅವನು ಅದರೊಳಗೇ ಇದಾನೆ."

ಗಾಜಿನಾಚೆ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊತ್ತಿಕೊಳ್ಳುವುದು ಕಂಡಿತು.

ಕೆಂಪು ದೀಪ ಆರಿದ ಕೂಡಲೇ ಸದ್ದಣ್ಣ ಹೊರಗೆ ಓಡಿದ. ಓಡುತ್ತಲೇ, "ಅದೇನಕ್ಕ ಫ್ಲಾಸ್ಕಲ್ಲಿ, ಚಪ್ಪಲಿ ಬೇಯಿಸಿದ್ರಾ?" ಎಂದದ್ದು ಓಣಿಯಿಂದ ಕೇಳಿಸಿತು. ಮೇಷ್ಟ್ರು ಒಳಗೆ ಬಂದು ಮುಂದಿನ ತಿಂಗಳ ನಾಟಕದ ಹಾಳೆಗಳನ್ನು ಅವಳ ಮುಂದಿಟ್ಟು ಹೋದರು. ಅಕ್ಷರ ದೊಡ್ಡದಾಗಿತ್ತು.

ಓಣಿಯ ಬೆಂಚಿನಲ್ಲಿ ಸ್ಪೀಕರಿನ ಕೆಳಗೆ ಕೂತಿದ್ದ ಗಂಡ ಎದ್ದು ನಿಂತ. ಕಣ್ಣು ಕೆಂಪಾಗಿತ್ತು. "ಆ ಪೆಟ್ಟಿಗೆ ಮಾತು" ಎನ್ನುತ್ತ ಅವಳ ಕೈಯಿಂದ ಫ್ಲಾಸ್ಕುಗಳನ್ನು ತೆಗೆದುಕೊಂಡ. ಅವಳು ಈಗ ಮನಸಾರೆ ನಕ್ಕಳು. "ಬನ್ನಿ, ಹೇಳ್ತೀನಿ. ನೀವು ಅತ್ತಿದ್ದು ಯಾತಕ್ಕೆ ಅಂತ ಗೊತ್ತಾದ್ರೆ ನನ್ನ ಜೊತೆ ಮಾತು ಬಿಡ್ತೀರಿ."

ಬೀದಿಯಲ್ಲಿ ದೀಪಗಳು ಆಗಷ್ಟೇ ಹೊತ್ತುತ್ತಿದ್ದವು. ನದಿಯ ಕಡೆಯಿಂದ ಗಾಳಿ ಎದ್ದಿತ್ತು. ಎರಡು ವರ್ಷದಿಂದ ಹೊರಗೆ ಹೊರಟಾಗಲೆಲ್ಲ ಅವನು ಅವಳ ಬಲಕ್ಕೆ, ಅರ್ಧ ಹೆಜ್ಜೆ ಮುಂದೆ, ಗಾಳಿಗೆ ಭುಜ ಅಡ್ಡ ಹಿಡಿದು ನಡೆಯುತ್ತಿದ್ದ. ಹಾಗೆ ನಡೆಯುತ್ತೇನೆಂದು ಅವನೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಇವತ್ತು ಅವಳು ಸದ್ದಣ್ಣನ ಹುಬ್ಬು ಹೇಗೆ ಏರಿತೆಂದು ತೋರಿಸಲು ಅವನ ಮುಂದೆ ಬಂದಳು, ಕೆನ್ನೆ ಹೇಗೆ ಊದಿತೆಂದು ತೋರಿಸಲು ಇನ್ನೊಂದು ಬದಿಗೆ ಹೋದಳು, ಮಾತಾಡುತ್ತ ಅಲ್ಲೇ ಉಳಿದಳು. ಅವನು ಫ್ಲಾಸ್ಕುಗಳನ್ನು ಕೈ ಬದಲಿಸಿಕೊಂಡು ಕೇಳುತ್ತ ನಡೆದ. ಸೇತುವೆಯ ಅರ್ಧದವರೆಗೂ ಅವಳ ಬಲಗಡೆ ಯಾರೂ ಇಲ್ಲದ್ದು ಇಬ್ಬರಿಗೂ ಗೊತ್ತಾಗಲಿಲ್ಲ.