ಪೆಟ್ಟಿಗೆ ದೊರೆ

ಅಜ್ಜಂಪುರದ ಜನ ಅವರನ್ನು ಪೆಟ್ಟಿಗೆ ದೊರೆ ಅಂತಲೇ ಕರೆಯುತ್ತಿದ್ದರು. ಫ್ರಾನ್ಸ್ ದೇಶದ ಸಿರಿವಂತ ದೊರೆಮನೆತನದವರು. ಅಲ್ಲಿನ ದೊಡ್ಡ ಚರ್ಚೊಂದರಲ್ಲಿ ಆರ್ಗನ್ ನುಡಿಸುತ್ತ, ಹಾಡುಗಳಿಗೆ ರಾಗ ಕಟ್ಟುತ್ತ ಹೆಸರು ಮಾಡಿದ್ದರಂತೆ. ನಮ್ಮ ಹಳೆಯ ಪಾದ್ರಿ ಅವರ ಚಿಕ್ಕಪ್ಪನ ಮಗ. ಅವರನ್ನು ನೋಡಿಹೋಗಲು ಬಂದವರು, ಕಾಲಲ್ಲಿ ತುಳಿದು ಗಾಳಿ ತುಂಬುವ ಆರ್ಗನ್ನೊಂದನ್ನು ಹಡಗಿನಲ್ಲಿ ತರಿಸಿಕೊಂಡು ಚರ್ಚಿನ ಹಿಂದಿನ ಕೋಣೆಯಲ್ಲೇ ಉಳಿದುಬಿಟ್ಟರು. ಊರವರಿಗೆ ಆ ಆರ್ಗನ್ನೇ ಪೆಟ್ಟಿಗೆ. ಪಾದ್ರಿ ತೀರಿಕೊಂಡ ಮೇಲೂ ಹೋಗಲಿಲ್ಲ. ಹೆಸರು ಗಾಸ್ತೋನ್ ದ ಮೊಂಬ್ರೇ. ನಮ್ಮ ನಾಲಿಗೆಗೆ ಹೊರಳಲಿಲ್ಲ, ಬಿಟ್ಟೆವು.

ಕನ್ನಡವನ್ನು ಈರುಳ್ಳಿ ಮಂಡಿಯಲ್ಲಿ ಕಲಿತಿದ್ದರು. ಕೋಟೆಯಂಥ ಮನೆಯಲ್ಲಿ ಹುಟ್ಟಿದ ಮನುಷ್ಯ, "ಏನಮ್ಮಾ, ಗಂಟ್ಲು ಕಟ್ಟೈತಾ?" ಅಂತ ಕೇಳಿದರೆ ನಗು ತಡೆಯುವುದೇ ಕಷ್ಟ. ನಾನು ಜ್ಞಾನಮ್ಮ, ತರೀಕೆರೆ ಆಸ್ಪತ್ರೆಯಲ್ಲಿ ನರ್ಸು. ಭಾನುವಾರ ಚರ್ಚಿನಲ್ಲಿ ಹಾಡುವವಳು. ಕನ್ನಡ ಪೂಜೆಗೆ ಅವರು ಕಟ್ಟಿದ ರಾಗಗಳನ್ನೆಲ್ಲ ಮೊದಲು ಹಾಡಿದವಳು ನಾನೇ. ಆ ಜಂಬ ನನಗೆ ಬೇಕಾದಷ್ಟಿತ್ತು.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಿಗೆಯಲ್ಲಿ ಅವರ ಕಿವಿ ಹೋಯಿತು. ತರೀಕೆರೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಇನ್ನು ಬರುವುದಿಲ್ಲ ಎಂದುಬಿಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ದೊರೆ ನನ್ನ ಕೈ ಹಿಡಿದುಕೊಂಡು, "ಯಾರ್ಗೂ ಹೇಳ್ಬ್ಯಾಡ ಕಣಮ್ಮ. ಪೆಟ್ಗೆ ಬಿಟ್ರೆ ನಂಗೇನೈತೆ?" ಎಂದರು.

ಆಮೇಲೆ ಆರ್ಗನ್ನಿನ ಮೇಲೆ ಮುಖಕ್ಷೌರದ ಕನ್ನಡಿಯೊಂದನ್ನು ನೇತುಹಾಕಿದರು. ಬೆನ್ನ ಹಿಂದೆ ನಿಂತ ನನ್ನ ಬಾಯಿ, ಗಂಟಲು ಅದರಲ್ಲಿ ಕಾಣುತ್ತಿತ್ತು. ಅದನ್ನೇ ನೋಡಿಕೊಂಡು ನುಡಿಸುತ್ತಿದ್ದರು. ಶುರು ಮಾಡುವ ಮೊದಲು ಬೆರಳೊತ್ತುವ ಮನೆಗಳನ್ನು ಮುಟ್ಟದೆ ಬರಿದೆ ಗಾಳಿ ತುಂಬಿ, ಮರದ ಮೇಲೆ ಅಂಗೈಯಿಟ್ಟು, ಅದುರದೆ ಪೆಟ್ಟಿಗೆ ಸುಮ್ಮನಿದೆಯೇ ಎಂದು ನೋಡುತ್ತಿದ್ದರು. ಯಾರಾದರೂ ಕರೆದಾಗ ತಿರುಗದಿದ್ದರೆ ಜನ ಅದನ್ನು ದೊರೆತನದ ಧಿಮಾಕು ಎಂದುಕೊಂಡರು. ಒಳ್ಳೆಯದೇ ಆಯಿತು.

ಹೊಸ ಪಾದ್ರಿ ಇನ್ನಾಸಪ್ಪನವರಿಗೆ ಮಾತ್ರ ಅನುಮಾನ. "ಬಿಷಪ್ಪರು ಬರ್ತಾರೆ. ಮುದುಕರ ಕೈಲಿ ಆಗಲ್ಲ ಅನ್ಸಿದ್ರೆ ಬೆಂಗಳೂರಿನ ವೃದ್ಧಾಶ್ರಮಕ್ಕೆ ಕಳಿಸ್ತಾರೆ. ನಮಗೆ ಹಾರ್ಮೋನಿಯಂ, ತಬಲ ಸಾಕು" ಎಂದು ನನ್ನೆದುರೇ ಹೇಳಿದರು. ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ.

ಬಿಷಪ್ಪರು ಬಂದದ್ದು ಈರುಳ್ಳಿ ಸುಗ್ಗಿಯಲ್ಲಿ. ಚರ್ಚಿನ ಪಕ್ಕದ ಕಣದಲ್ಲಿ ರಾಶಿ ಬಿದ್ದಿತ್ತು. ಗಾಳಿ ಬೀಸಿದಾಗಲೆಲ್ಲ ಸಿಪ್ಪೆ ಒಳಗೆ ಹಾರಿಬರುತ್ತಿತ್ತು. ದೊರೆ ಅಂಗೈಯಿಟ್ಟು ನೋಡಿ ಕನ್ನಡಿಯಲ್ಲಿ ನನಗೆ ತಲೆಯಾಡಿಸಿದರು. ಹಾಡುಗಳು ಚೆನ್ನಾಗಿಯೇ ಸಾಗಿದವು.

ಬಿಷಪ್ಪರು ಪೂಜೆಯ ರೊಟ್ಟಿಯನ್ನು ದೇವರ ಮೈಯೆಂದು ಎತ್ತಿ ಹಿಡಿಯುವ, ಯಾರೂ ಹಾಡಬಾರದ ಗಳಿಗೆ ಬಂತು. ಗಂಟೆ ಮೊಳಗಿತು, ಎಲ್ಲರೂ ತಲೆಬಾಗಿದರು. ಉಸಿರೂ ಕೇಳಿಸುವಂಥ ಆ ಮೌನದಲ್ಲಿ ಒಂದು ಸ್ವರ ಮಾತ್ರ ನಿಲ್ಲಲಿಲ್ಲ.

ಆರ್ಗನ್ನಿನದು. ದೊರೆಯ ಕೈಗಳು ತೊಡೆಯ ಮೇಲಿದ್ದವು. ಒತ್ತಿದ ಯಾವುದೋ ಮನೆ ಮೇಲೇಳದೆ ಕಚ್ಚಿಕೊಂಡಿತ್ತು. ಮುಂದಿನ ಹಾಡಿಗೆ ಗಾಳಿ ಇರಲೆಂದು ಅವರು ತಮ್ಮ ಪಾಡಿಗೆ ಮೆಲ್ಲಗೆ ತುಳಿಯುತ್ತಲೇ ಇದ್ದರು, ಅದು ಕೂಗುತ್ತಲೇ ಇತ್ತು. ಕನ್ನಡಿಯಲ್ಲಿ ಕಣ್ಸನ್ನೆ ಮಾಡೋಣವೆಂದರೆ ಅವರೂ ತಲೆಬಾಗಿದ್ದಾರೆ. ಹೋಗಿ ಮುಟ್ಟಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಇನ್ನಾಸಪ್ಪನವರ ತಲೆ ಆರ್ಗನ್ನಿನ ಕಡೆಗೆ ತಿರುಗತೊಡಗಿತು.

ಬಾಯಿ ತೆರೆದು ಅದೇ ಸ್ವರ ಹಿಡಿದು ಹಾಡಿಬಿಟ್ಟೆ.

ಎಲ್ಲರೂ ನನ್ನ ಕಡೆ ತಿರುಗಿದರು. ದೊರೆ ತಲೆಯೆತ್ತಿ ಕನ್ನಡಿಯಲ್ಲಿ ನನ್ನ ಬಾಯಿ ನೋಡಿದರು. ಸಿಟ್ಟಿಗೆ ಮುಖ ಕೆಂಪೇರಿತು, ಕಾಲು ತೆಗೆದರು. ಪೆಟ್ಟಿಗೆಯ ಸ್ವರ ಕುಗ್ಗಿ ಸತ್ತಿತು. ಉಳಿದದ್ದು ನನ್ನದೊಂದೇ ದನಿ.

ಆಮೇಲೆ ದೊರೆ ಪೆಟ್ಟಿಗೆ ಮುಟ್ಟಲೇ ಇಲ್ಲ. ಪೂಜೆ ಮುಗಿದ ಮೇಲೆ ಇನ್ನಾಸಪ್ಪನವರು ಎಲ್ಲರೆದುರು, "ದೇವರನ್ನ ಎತ್ತೋ ಹೊತ್ನಲ್ಲಿ ಹಾಡ್ತಾರೇನ್ರೀ? ಇನ್ಮೇಲೆ ನೀವು ಹಾಡೋದು ಬೇಡ" ಎಂದರು. ದೊರೆ ಅದಕ್ಕಿಂತ ಜೋರು. "ಬುದ್ಧಿ ನೆಟ್ಟಗೈತಾ ನಿಂಗೆ? ನನ್ ಪೂಜೆ ಹಾಳ್ಮಾಡ್ಬಿಟ್ಟೆ!" ಮೈಯೆಲ್ಲ ಉರಿದುಹೋಯಿತು. ಮುದುಕಪ್ಪಾ, ನಿನ್ನ ಸಲುವಾಗಿ ಕಣೋ ಎಂಬ ಮಾತು ತುಟಿಗೆ ಬಂದಿತ್ತು, ನುಂಗಿಕೊಂಡೆ.

ಊಟಕ್ಕೆ ಬಡಿಸುವಾಗ ಬಿಷಪ್ಪರು ಹೇಳಿದ್ದು ಕಿವಿಗೆ ಬಿತ್ತು: "ಹಿರಿಯರು ಚೆನ್ನಾಗೇ ನುಡಿಸ್ತಾರಲ್ಲ, ಇಲ್ಲೇ ಇರ್ಲಿ ಬಿಡಿ." ಅಷ್ಟು ಸಾಕಿತ್ತು ನನಗೆ. ಆದರೂ ಪಾತ್ರೆ ತೊಳೆಯುವಾಗ ಅಳು ಬಂತು.

ಸಂಜೆ ಪ್ರಾರ್ಥನೆಗೂ ಬಿಷಪ್ಪರು ಇದ್ದರು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ದೊರೆ ಬಂದರು, ಕೂತರು, ಕಾಲಲ್ಲಿ ತುಳಿದು ಮರದ ಮೇಲೆ ಅಂಗೈಯಿಟ್ಟರು. ಆ ಸ್ವರ ಮತ್ತೆ ಕೂಗಿತು. ಈ ಸಲ ಮರದ ಅದುರು ಅವರ ಅಂಗೈಗೆ ಸಿಕ್ಕಿತು. ಮನೆಗಳ ಮೇಲೆ ಬೆರಳಾಡಿಸಿ, ಸಂದಿಗೆ ಉಗುರು ಹಾಕಿ, ಕೆಂಪು ಈರುಳ್ಳಿ ಸಿಪ್ಪೆಯೊಂದನ್ನು ಎಳೆದು ತೆಗೆದರು. ಅದನ್ನೇ ನೋಡುತ್ತ ಕೂತರು. ಆಮೇಲೆ ಕನ್ನಡಿಯಲ್ಲಿ ನನ್ನನ್ನು ಹುಡುಕಿದರು. ಬೇಡ ಎಂದು ತಲೆಯಾಡಿಸಿದೆ.

ದೊರೆ ಎದ್ದು ನೇರ ಬಿಷಪ್ಪರ ಮುಂದೆ ಹೋಗಿ ನಿಂತರು. "ನಂಗೆ ಕಿವಿ ಕೇಳ್ಸಲ್ಲ ಸ್ವಾಮಿ. ಬ್ಯಾಸ್ಗೆಯಿಂದ್ಲೂ..."

"ಸುಮ್ನೆ ಕೂತ್ಕಳ್ರೀ ದೊರೆ!" ಎಂದು ಹಿಂದಿನಿಂದ ಕಿರುಚಿದೆ. ಇಡೀ ಚರ್ಚು ನನ್ನ ಕಡೆ ತಿರುಗಿತು. ತಿರುಗದವರು ಅವರೊಬ್ಬರೇ.

"ಬೆಳಗ್ಗೆ ಕೂಗಿದ್ದು ಪೆಟ್ಗೆ. ಜ್ಞಾನಮ್ಮ ನನ್ನ ಮಾನ ಮುಚ್ಚಕ್ಕೆ ಹಾಡಿದ್ಲು. ನಾನು ಹೋಯ್ತೀನಿ, ಅವ್ಳು ಹಾಡ್ಲಿ."

ಬಿಷಪ್ಪರು ದೊರೆಯ ಕೈ ಹಿಡಿದು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಆಮೇಲೆ ಇನ್ನಾಸಪ್ಪನವರಿಗೆ, "ಬುಧವಾರ ಬೆಂಗಳೂರಿಗೆ ನೀವೇ ಕರ್ಕೊಂಡು ಹೋಗಿ, ಜೋಪಾನ" ಎಂದರು. ನನಗೆ ಮುಂದೆ ಬಂದು ಹಾಡಲು ಸನ್ನೆ ಮಾಡಿದರು.

ದೊರೆಯೇ ಕಟ್ಟಿದ ರಾಗವನ್ನು ಆರ್ಗನ್ ಇಲ್ಲದೆ ಹಾಡಿದೆ. ಇಂಥ ಸತ್ಯ ಯಾರಿಗೆ ಬೇಕಿತ್ತು ಎಂದು ಒಳಗೊಳಗೇ ಅವರನ್ನು ಬೈಯುತ್ತಲೇ ಹಾಡಿದೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ದೊರೆ ಮುಂದಿನ ಬೆಂಚಿನಲ್ಲಿ ಕೂತು ನನ್ನ ಗಂಟಲನ್ನೇ ನೋಡುತ್ತ, ಎರಡು ಕಾಲಿನಿಂದಲೂ ಬರಿಯ ನೆಲವನ್ನು ತುಳಿಯುತ್ತಿದ್ದರು.