ಎಲ್ಲರಿಗೂ ಒಂದೇ ಹೆಸರು

೨೦೧೯ರ ಜೂನ್ ೧೪, ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಹುಟ್ಟಿದೆ. ನಾನೊಂದು ಲಿಂಕ್. ವಿಜಯಪುರದ ಕಡೆಯ ಒಂದು ಬಿ.ಎಡ್. ಕಾಲೇಜಿನ ಜಾಲತಾಣ ನನ್ನ ಮನೆ. ನೀಲಿ ಬಣ್ಣ, ಅಡಿಯಲ್ಲೊಂದು ಗೆರೆ. ಒತ್ತಿದವರನ್ನು ಇನ್ನೊಂದು ಪುಟಕ್ಕೆ ಮುಟ್ಟಿಸುವುದಷ್ಟೇ ನನ್ನ ಕೆಲಸ.

ನನ್ನನ್ನು ಮಾಡಿದವರು ಕಚೇರಿಯ ಗುರುಸಿದ್ದಪ್ಪ ಹಡಪದ. ಸಹಿ, ಮೊಹರು ಕಾಣದ ಸೂಚನೆಯನ್ನು ಯಾರೂ ನಂಬುವುದಿಲ್ಲ ಎಂಬುದು ಆ ಕಚೇರಿಯ ನಂಬಿಕೆ. ಹಾಗಾಗಿ ಅವರು ಪ್ರವೇಶ ಪರೀಕ್ಷೆಯ ಸೂಚನೆಯನ್ನು ಟೈಪು ಮಾಡಲಿಲ್ಲ. ಮೊಹರು ಬಿದ್ದ ಕಾಗದದ ಚಿತ್ರವನ್ನೇ ಪುಟಕ್ಕೆ ಅಂಟಿಸಿದರು. ಚಿತ್ರದ ಒಂದೊಂದು ಸಾಲಿನ ಎದುರಿಗೂ ನಮ್ಮಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿ, ಎಲ್ಲರಿಗೂ ಒಂದೇ ಹೆಸರಿಟ್ಟರು: ‘ಇಲ್ಲಿ ಕ್ಲಿಕ್ ಮಾಡಿ.’

ನನ್ನ ಎದುರಿನ ಸಾಲು ಅಂಧ ಅಭ್ಯರ್ಥಿಗಳಿಗೆ ಸಂಬಂಧಿಸಿದ್ದು. ತಾವು ಹೇಳಿದ ಉತ್ತರವನ್ನು ಬರೆದುಕೊಡುವ ಲಿಪಿಕಾರ ಬೇಕೆಂದರೆ ಅವರು ನನ್ನ ಮೂಲಕವೇ ಅರ್ಜಿ ಹಾಕಬೇಕಿತ್ತು.

ಅರ್ಜಿಗೆ ಕೊನೆಯ ದಿನ, ಐದಕ್ಕೆ ಮುಗಿಯಬೇಕಿದ್ದ ಗಡುವಿಗೆ ಒಂದು ಗಂಟೆ ಮುಂಚೆ, ಸಂಜೆ ನಾಲ್ಕಕ್ಕೆ ಒಬ್ಬಳು ಬಂದಳು. ಶೈಲಾ ಬಿರಾದಾರ ಎಂಬ ಅವಳ ಹೆಸರು ನನಗೆ ತಿಳಿದದ್ದು ಮರುದಿನ. ಅವಳಿಗೆ ಕಣ್ಣು ಕಾಣದು. ಪುಟವನ್ನು ಫೋನು ಗಟ್ಟಿಯಾಗಿ ಓದಿ ಹೇಳುತ್ತದೆ. ಆದರೆ ಚಿತ್ರದೊಳಗಿನ ಅಕ್ಷರ ಆ ಫೋನಿಗೆ ಸಿಗಲಿಲ್ಲ. ಅದು ನಮ್ಮನ್ನಷ್ಟೇ ಓದಿತು: “ಇಲ್ಲಿ ಕ್ಲಿಕ್ ಮಾಡಿ, ಲಿಂಕ್. ಇಲ್ಲಿ ಕ್ಲಿಕ್ ಮಾಡಿ, ಲಿಂಕ್.”

“ಎಲ್ಲಿ ಮಾಡ್ಲೆಪಾ,” ಎಂದು ಅವಳು ಗೊಣಗಿದಳು.

ಮೊದಲನೆಯವನು ಅವಳನ್ನು ಹಾಸ್ಟೆಲ್ ನಿಯಮಗಳಿಗೆ ಒಯ್ದ. ಇನ್ನೊಬ್ಬ ಹಳೆಯ ಪ್ರಶ್ನೆಪತ್ರಿಕೆಗೆ. ಪ್ರತಿ ಸಲವೂ ಪುಟ ಬಿಚ್ಚಿಕೊಳ್ಳುವವರೆಗೆ ಕಾಯಬೇಕು, ಕೇಳಬೇಕು, ಹಿಂದಕ್ಕೆ ಬಂದು ಮೊದಲಿನಿಂದ ಎಣಿಸಬೇಕು. ನಡುವೆ ಕಚೇರಿಗೆ ಕರೆ ಮಾಡಿದಳು, ಯಾರೂ ಎತ್ತಲಿಲ್ಲ. ಅವಳ ಬೆರಳು ನನ್ನ ಮೇಲೆ ಬಂದು, ಹೆಸರು ಕೇಳಿ, ಬೇಸತ್ತು ಮುಂದೆ ಹೋಯಿತು. ಕೂಗಿ ಕರೆಯೋಣವೆಂದರೆ ನನಗಿದ್ದ ಮಾತು ಅದೊಂದೇ. ಅವಳು ನನ್ನನ್ನು ಒತ್ತುವ ಹೊತ್ತಿಗೆ ಐದು ದಾಟಿ, ಅರ್ಜಿಯ ಪುಟ ಮುಚ್ಚಿತ್ತು.

ಮರುದಿನ ಅವಳು ಫೋನು ಹಿಡಿದು ಕಚೇರಿಗೇ ಹೋಗಿ, ತನ್ನ ಹೆಸರು ಹೇಳಿ, ನಡೆದದ್ದನ್ನು ತಿಳಿಸಿದಳು.

“ಎಲ್ಲಾ ವೆಬ್‌ಸೈಟ್‌ನ್ಯಾಗ ಹಾಕೀವಲ್ಲವಾ,” ಎಂದರು ಗುರುಸಿದ್ದಪ್ಪ.

“ಕಣ್ಣು ಮುಚ್ರಿ ಸರ್. ಇದನ್ನ ಕೇಳಿ, ನಂದು ಯಾವ್ದು ಹೇಳ್ರಿ.”

ಫೋನು ಓದುತ್ತಾ ಹೋಯಿತು. ಅವರು ಎಣಿಸುತ್ತಾ ಹೋಗಿ, ಲೆಕ್ಕ ತಪ್ಪಿ ಕಣ್ಣು ತೆರೆದರು.

“ನಿಮ್ಮ ಮನ್ಯಾಗ ಮಕ್ಕಳಿಗೆಲ್ಲಾ ಒಂದ ಹೆಸರ ಇಟ್ಟೀರೇನ್ರಿ?”

“ತಪ್ಪಾತವಾ. ಹೆಸರು ಈಗ ತಿದ್ದತೀನಿ. ಆದ್ರ ಅರ್ಜಿ ತಗೊಳ್ಳೋದು ನನ್ನ ಕೈಯಾಗಿಲ್ಲ. ಲಿಪಿಕಾರರ ಪಟ್ಟಿ ನಿನ್ನೇನ ಮ್ಯಾಲಕ್ಕ ಹೋಗೇತಿ.”

“ಹಂಗಾದ್ರ ನನ್ನ ಒಂದು ವರ್ಷ ಹೋತಲ್ರಿ.”

ಅವಳು ಇನ್ನೂ ಅಲ್ಲೇ ನಿಂತಿದ್ದಾಗ ಅವರು ನನಗೆ ಹೊಸ ಹೆಸರು ಕೊಟ್ಟರು: ‘ಪರೀಕ್ಷೆಗೆ ಲಿಪಿಕಾರರನ್ನು ಕೋರುವ ಅರ್ಜಿ.’ ಆಮೇಲೆ ಸೂಚನೆಯನ್ನೂ ಕೂತು ಟೈಪು ಮಾಡಿದರು.

ಅವರು ನಿವೃತ್ತರಾದ ಮೇಲೆ ಪುಟ ಬೇರೆಯವರ ಕೈಗೆ ಹೋಯಿತು. ನಾನೀಗ ‘ಹಳೆಯ ಸೂಚನೆಗಳು’ ಎಂಬ ಮೂಲೆಯಲ್ಲಿದ್ದೇನೆ. ಪ್ರತಿ ವರ್ಷದ ಹೊಸ ಲಿಂಕಿಗೆ ನನ್ನ ಹೆಸರನ್ನೇ ಇಡುತ್ತಾರೆ. ಶೈಲಾ ಮರುವರ್ಷ ಬಂದಳೋ, ಓದನ್ನೇ ಬಿಟ್ಟಳೋ ತಿಳಿಯದು. ಒತ್ತುವ ಬೆರಳು ತನ್ನ ಹೆಸರು ಹೇಳುವುದಿಲ್ಲ. ಅಂದು ಅವಳು ನನ್ನನ್ನು ಹುಡುಕಿದ್ದು ಒಂದು ಗಂಟೆಗೂ ಹೆಚ್ಚು ಹೊತ್ತು. ನನ್ನ ಈ ಹೆಸರನ್ನು ಪೂರ್ತಿ ಓದಲು ಫೋನಿಗೆ ಬೇಕಾಗುವ ಸಮಯ ೩.೨ ಸೆಕೆಂಡು.